ವದಾದಳ ಗುಲಾಬಿನೀರಿನ ಶೀಶೆ

ಗಸ್ಸಾನ್ ತಟ್ಟೆಯ ಮುಂದೆ ಕೂತು ಬಾಯಿ ಬಿಡಲಿಲ್ಲವೆಂದರೆ ಮನೆಯಲ್ಲಿ ಯಾರಿಗೋ ಕಾದಿದೆ ಎಂದೇ ಅರ್ಥ. ವದಾದ್ ಇದನ್ನು ಮಗನ ಹಾಲುಹಲ್ಲಿನ ಕಾಲದಿಂದ ನೋಡಿಕೊಂಡು ಬಂದವಳು. ಈಗ ಅವನಿಗೆ ಮೂವತ್ತು ದಾಟಿದೆ. ದೇಶದ ಆ ತುದಿಯ ಗಣಿಯೊಂದರ ಕ್ಯಾಂಪಿನಲ್ಲಿ ಅಡುಗೆಯವನು; ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ, ಸಿಡ್ನಿಯ ಪಂಚ್‌ಬೋಲಿನ ಅಪ್ಪನ ಮನೆಯಲ್ಲಿ. ಅವನು ಬಂದ ದಿನ ಅವಳು ಮುಜದ್ದರ ಮಾಡುತ್ತಾಳೆ. ಬೇಳೆಯೂ ಅಕ್ಕಿಯೂ ಒಟ್ಟಿಗೆ ಬೆಂದು, ಮೇಲೆ ಕಪ್ಪಗೆ ಹುರಿದ ಈರುಳ್ಳಿ ಬೀಳಬೇಕು. ಆ ಈರುಳ್ಳಿಯನ್ನೆಲ್ಲ ಅಣ್ಣನೇ ಬಾಚಿಕೊಂಡನೆಂದು ರೀಮ್ ಕಿರುಚಬೇಕು. ಇವತ್ತು ಈರುಳ್ಳಿ ಹಾಗೇ ಉಳಿದಿತ್ತು.

"ಯಾಕೋ, ಹೊಟ್ಟೆ ಸರಿ ಇಲ್ವಾ?" ಎಂದು ಕೇಳಿದಳು ವದಾದ್.

"ಹೊಟ್ಟೆ ಸರಿ ಇದೆ. ಮುಖ ಸರಿ ಇಲ್ಲ." ಗಸ್ಸಾನ್ ಎದುರಿಗೆ ಕೂತ ತಂಗಿಯನ್ನು ದುರುಗುಟ್ಟಿ ನೋಡಿದ. "ಕೇಳು ನಿನ್ನ ಮಗಳನ್ನ. ಇವಳ ಕಡೆಯವರು ಮತ್ತೆ ನಿಲ್ಲಿಸಿದ್ರು ನನ್ನ."

ರೀಮ್ ಸಿಡ್ನಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೆಲಸಕ್ಕೆ ಸೇರಿ ಅರ್ಧ ವರ್ಷವಾಗಿತ್ತು. ಕಡ್ಡಿಯ ತುದಿಗೆ ಪುಟ್ಟ ಬಟ್ಟೆಚೂರು ಸಿಕ್ಕಿಸಿ ಪ್ರಯಾಣಿಕರ ಕೈ, ಬೆಲ್ಟು, ಚೀಲದ ಮೇಲೆ ಸವರಿ ಮಷೀನಿಗೆ ಕೊಡುವುದು ಅವಳ ಕೆಲಸ. ಸಿಡಿಮದ್ದಿನ ಸುಳಿವಿದ್ದರೆ ಮಷೀನು ಕೂಗುತ್ತದೆ. ಮೊದಲ ದಿನ ಅವಳು ಸಮವಸ್ತ್ರ ಹಾಕಿಕೊಂಡಾಗ ಅಪ್ಪ ನಝೀಹ್ ಬೀದಿಗೆಲ್ಲ ಬಕ್ಲಾವ ಮಿಠಾಯಿ ಹಂಚಿದ್ದ.

"ಪರ್ತ್ ಏರ್‌ಪೋರ್ಟಲ್ಲಿ ನಿಲ್ಲಿಸಿದ್ರೆ ನಾನೇನು ಮಾಡ್ಲಿ?" ಎಂದಳು ರೀಮ್.

"ನನ್ನ ಮುಂದೆ ಬಂಡೆ ಸಿಡಿಸೋ ಗ್ಯಾಂಗಿನವರು ಮೂರು ಜನ ಇದ್ರು. ಬೂಟಲ್ಲಿ ಮದ್ದಿನ ಪುಡಿ ಅಂಟ್ಕೊಂಡೇ ಇರತ್ತೆ, ಅವರೇ ಹೇಳ್ಕೊಂಡು ನಗ್ತಾರೆ. ಅವರಿಗೆ 'ಏನ್ ಗುರೂ, ಆರಾಮಾ' ಅಂತ ಬಿಟ್ರು. ಅವರ ಹಿಂದೆ ಈರುಳ್ಳಿ ಹೆಚ್ಚೋನು ನಾನು. ನನಗೆ 'ಸರ್, ಒಂದ್ನಿಮಿಷ ಈ ಕಡೆ ಬನ್ನಿ'. ಈ ಸಲ ಮಷೀನು ಬೇರೆ ಬಡ್ಕೊಳ್ತು. ಚೀಲ ಸುರಿದು ಒಳಚಡ್ಡೀನೂ ಮೇಜಿನ ಮೇಲೆ ಹರಡಿದ್ರು. ಆ ಮೂರೂ ಜನ ಕಾಫಿ ಹಿಡ್ಕೊಂಡು ನೋಡ್ತಿದ್ರು."

"ಕೈ ಚಾಚಿದ್ರೆ ಕೈ ಸವೆದು ಹೋಗತ್ತಾ?" ಎಂದ ನಝೀಹ್. ಜೀವಮಾನವಿಡೀ ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸಿ ಮಂಡಿ ಕಳೆದುಕೊಂಡವನು. ಈ ದೇಶದ ಮೇಲೆ ಯಾರೂ ಒಂದು ಮಾತು ಆಡಬಾರದು ಅವನಿಗೆ. "ನನ್ನೂ ನಿಲ್ಲಿಸ್ತಾರೆ. ನಿಲ್ತೀನಿ, ನಗ್ತೀನಿ, ಹೋಗ್ತೀನಿ. ಬಾಂಬು ಬಿದ್ದ ಊರಿಂದ ಬಂದೋರು ನಾವು. ನೋಡ್ಕೊಳ್ಳಲಿ ಬಿಡು."

"ನೀವು ನಗಿ ಬಾಬಾ. ನನ್ನ ಕೈಲಾಗಲ್ಲ. ನಾನು ಹುಟ್ಟಿದ್ದು ಇಲ್ಲೇ ಕ್ಯಾಂಟರ್‌ಬರಿ ಆಸ್ಪತ್ರೇಲಿ. ಯಾವ ಬಾಂಬಿನ ಊರು ನನ್ನದು?"

"ಮುಖ ನೋಡಿ ಕರೆಯಲ್ಲ ಕಣೋ," ಎಂದಳು ರೀಮ್. "ಒಬ್ಬರದು ಮುಗಿದ ತಕ್ಷಣ ಮುಂದೆ ಯಾರು ಬರ್ತಾರೋ ಅವರು. ಅದೇ ನಿಯಮ."

"ಓಹೋ! ಆ 'ಮುಂದಿನವನು' ಪ್ರತಿ ಸಲ ನಾನೇ ಆಗ್ತೀನಲ್ಲ, ನನ್ನ ಅದೃಷ್ಟವೇ ಅದೃಷ್ಟ! ಲಾಟರಿ ತಗೊಳ್ಳೋಣ ನಡಿ."

ರೀಮ್ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಎಸೆದಳು. ಅದು ತಪ್ಪಿ ನೆಲಕ್ಕೆ ಬಿತ್ತು. ಜಗಳ ಎಷ್ಟೇ ಇರಲಿ, ಆ ಮನೆಯಲ್ಲಿ ರೊಟ್ಟಿ ನೆಲದ ಮೇಲೆ ಬಿದ್ದಿರುವಂತಿಲ್ಲ. ರೀಮ್ ಬಗ್ಗಿ ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಮೇಜಿನ ಅಂಚಿಗಿಟ್ಟಳು. ಆಮೇಲೆ ಎದ್ದು ಒಳಗೆ ಹೋದಳು.

ಊಟದ ನಂತರ ವದಾದ್ ಮಗನ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಳು. ದೊಡ್ಡ ಪಾತ್ರೆಗಳ ಸೋಪಿನ ನೀರಲ್ಲಿ ನೆಂದು ನೆಂದು ಅವನ ಬೆರಳ ಸಂದುಗಳೆಲ್ಲ ಬಿರಿದಿದ್ದವು. ಅವಳ ಬಳಿ ಇದಕ್ಕೊಂದು ಔಷಧವಿತ್ತು, ಅವಳ ತಾಯಿ ಹುಟ್ಟೂರು ಟ್ರಿಪೋಲಿಯಲ್ಲಿ ಮಾಡುತ್ತಿದ್ದದ್ದು: ಮೆಡಿಕಲ್ ಶಾಪಿನಿಂದ ಗ್ಲಿಸರಿನ್, ಅದಕ್ಕೆ ಗುಲಾಬಿನೀರು, ನಿಂಬೆರಸ. ಶೀಶೆಯಲ್ಲಿ ಕುಲುಕಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮಗನ ಚೀಲಕ್ಕೊಂದು ಪುಟ್ಟ ಶೀಶೆ ತಪ್ಪದೆ ಹೋಗುತ್ತಿತ್ತು, ಪಕ್ಕದ ಮನೆಯ ಬಿಳಿಯ ಮುದುಕಿ ಕಾಲೀನ್‌ಗೊಂದು ಬೇಲಿಯ ಮೇಲಿಂದ ಹೋಗುತ್ತಿತ್ತು.

"ಹಚ್ಚಿಕೊಳ್ತೀಯೋ ಇಲ್ವೋ ಅಲ್ಲಿ?"

"ಮರೀತೀನಾ? ಹೊರಡೋ ದಿನ ಬೆಳಿಗ್ಗೇನೂ ಹಚ್ಕೊಂಡೇ ಹೊರಟೆ. ಕ್ಯಾಂಪಲ್ಲಿ ಎಲ್ಲರೂ ಕೇಳ್ತಾರೆ, ಯಾವ ಹುಡುಗಿ ವಾಸನೆನೋ ಇದು ಅಂತ." ಅಷ್ಟು ಹೊತ್ತಿಗೆ ಅವನು ನಕ್ಕ. ಅವಳಿಗೆ ಅಷ್ಟು ಸಾಕಾಯಿತು.

ಗಸ್ಸಾನ್ ಗಣಿಗೆ ಮರಳಿದ ವಾರ ಮಾಂಸದಂಗಡಿಯ ಸುಹೈಲಾಳಿಂದ ಫೋನು ಬಂತು. "ಉಮ್ ಗಸ್ಸಾನ್," ಎಂದಳು, ಗಸ್ಸಾನನ ಅಮ್ಮ ಎಂದು ಕರೆಯುವ ತಮ್ಮವರ ರೂಢಿಯಂತೆ. "ಬೇಜಾರು ಮಾಡ್ಕೋಬೇಡ. ನಿನ್ನ ಮಗಳು ನಮ್ಮ ಯಜಮಾನರನ್ನ ನಿಲ್ಲಿಸಿದ್ಲು. ಅವಳನ್ನ ಎತ್ತಿ ಆಡಿಸಿದೋರು ಅವರು. ಇವರ ಮುಂದೆ ಇಬ್ಬರು, ಹಿಂದೆ ಇಬ್ಬರು, ಎಲ್ಲ ಬಿಳಿಯರೇ. ನಡುವಿಂದ ಇವರನ್ನೇ ಆರಿಸಿ ತೆಗೆದ್ಲಂತೆ, ಅಕ್ಕಿಯೊಳಗಿನ ಕಲ್ಲು ತೆಗೆದ ಹಾಗೆ."

ಸಂಜೆ ರೀಮ್ ಬಂದಾಗ ವದಾದ್ ಹೂರಣ ತುಂಬಲೆಂದು ಸೌತೆಯಂಥ ಎಳೆ ಕೂಸಾಕಾಯಿಗಳ ತಿರುಳು ಕೊರೆಯುತ್ತಿದ್ದಳು. ಇನ್ನೊಂದು ಕೊರೆಗತ್ತಿಯನ್ನು ಮಗಳ ಕೈಗೆ ಕೊಟ್ಟಳು. ಇಬ್ಬರೂ ಸ್ವಲ್ಪ ಹೊತ್ತು ಕೊರೆದರು.

"ಸುಹೈಲಾ ಫೋನ್ ಮಾಡಿದ್ಲು."

ರೀಮ್‌ಳ ಕೈಯಲ್ಲಿದ್ದ ಕಾಯಿ ತೂತು ಬಿತ್ತು. "ಗೊತ್ತಿತ್ತು, ಮಾಡ್ತಾರೆ ಅಂತ."

"ಅವಳ ಗಂಡ ಮುಂದಿನವನಾಗಿದ್ನಾ?"

"ಇಲ್ಲ."

"ಮತ್ತೆ?"

"ಅಮ್ಮ, ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ನಮ್ಮೋರು ಬಂದ್ರೆ ಮೇಲ್ವಿಚಾರಕ ಅವರನ್ನ ನೋಡಿ ಆಮೇಲೆ ನನ್ನ ನೋಡ್ತಾನೆ. ಅಷ್ಟೇ. ಬಿಟ್ಟರೆ ನನ್ನ ಜನ ಅಂತ ಬಿಟ್ಟೆ ಅಂತಾರೆ. ಅದಕ್ಕೆ ಬೇರೆಯವರಿಗಿಂತ ನಾನೇ ಜಾಸ್ತಿ ನಿಲ್ಲಿಸ್ತೀನಿ ನಮ್ಮೋರನ್ನ. ಅವನು ಫೋನಲ್ಲಿ ಮುಳುಗಿದ್ದಾಗ್ಲೂ ನಿಲ್ಲಿಸ್ತೀನಿ. ಅಭ್ಯಾಸ ಆಗ್ಹೋಗಿದೆ." ಅವಳು ಕೊರೆಗತ್ತಿಯನ್ನು ಕೆಳಗಿಟ್ಟಳು. "ಗಸ್ಸಾನ್ ಹೇಳಿದ್ದು ನಿಜ. ಅವತ್ತು ಊಟದ ಮುಂದೆ ಕೂತು ನಾನು ಸುಳ್ಳು ಹೇಳ್ದೆ."

ವದಾದಳಿಗೆ ಮಗಳ ಕೆನ್ನೆಗೆ ಎರಡು ಬಿಗಿಯಬೇಕೆನ್ನಿಸಿತು, ಅದೇ ಹೊತ್ತಿಗೆ ಅಪ್ಪಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡದೆ ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಮಗಳ ಅಂಗೈ ಮೇಲಿಟ್ಟಳು.

"ಇದರ ಮೇಲೆ ಆಣೆ ಮಾಡು. ಇವತ್ತಿಂದ ಮುಂದೆ ಬಂದೋರು ಯಾರೋ ಅವರನ್ನೇ ಕರೀಬೇಕು. ಪಾದ್ರಿ ಬರಲಿ, ಮಂತ್ರಿ ಬರಲಿ, ನಿಮ್ಮಪ್ಪ ಬರಲಿ. ಮುಖ ನೋಡಕೂಡದು."

"ಕೆಲಸ ಹೋದ್ರೆ?"

"ಹೋಗಲಿ. ಮುಖ ನೋಡಿ ತಂದ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ."

ರೀಮ್ ರೊಟ್ಟಿಗೆ ಮುತ್ತಿಟ್ಟು ಆಣೆ ಮಾಡಿದಳು. ಮಾತಿನಂತೆ ನಡೆದುಕೊಂಡಳು ಕೂಡ. ಟೈ ಕಟ್ಟಿದವರನ್ನು ಕರೆದಳು, ಗಾಲ್ಫ್ ಚೀಲದವರನ್ನು ಕರೆದಳು, ಮುತ್ತಿನ ಸರದ ಮುದುಕಿಯರನ್ನು ಕರೆದಳು. ಅವರಲ್ಲೊಬ್ಬ ದೊಡ್ಡ ಮನುಷ್ಯ "ನಾನು ಅಂಥವನ ಹಾಗೆ ಕಾಣ್ತೀನಾ?" ಎಂದು ಎಗರಾಡಿ ದೂರು ಕೊಟ್ಟ. ಮುಂದಿನ ವಾರದಿಂದ ಅವಳ ಪಾಳಿಗಳು ಅರ್ಧಕ್ಕೆ ಇಳಿದವು.

"ಬೇಕಿತ್ತಾ ಇದು?" ಎಂದು ನಝೀಹ್ ಗೊಣಗಿದ. "ಸರಿಯಾಗಿದ್ದ ಕೆಲಸಕ್ಕೆ ತಾಯಿ ಮಗಳು ಸೇರಿ ಕಲ್ಲು ಹಾಕಿದ್ರಿ."

ವದಾದ್ ಗಂಡನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಗಸ್ಸಾನ್ ಮತ್ತೆ ರಜೆಗೆ ಬಂದಿದ್ದಾಗ ಅಡಿಲೇಡಿನಿಂದ ಸುದ್ದಿ ಬಂತು. ವದಾದಳ ಅಣ್ಣ ಮುನೀರ್ ಹಾಸಿಗೆಯಿಂದ ಏಳಲಿಲ್ಲ. ಗಸ್ಸಾನನಿಗೆ ಅವನು ಸೋದರಮಾವನಷ್ಟೇ ಆಗಿರಲಿಲ್ಲ. ಓದು ಹತ್ತದ ಹುಡುಗನನ್ನು ತನ್ನ ಬೇಕರಿಗೆ ಕರೆದುಕೊಂಡು, ಹಿಟ್ಟು ನಾದಲು ಕಲಿಸಿ, ಮನುಷ್ಯನನ್ನಾಗಿ ಮಾಡಿದವನು. ಅದೇ ದಿನ ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಮುನೀರನ ಮಗ ಫೋನಿನಲ್ಲಿ ಅಳುತ್ತ ಹೇಳಿದ: "ಗಸ್ಸಾನ್, ಅಪ್ಪನ ಕೊನೇ ಸ್ನಾನಕ್ಕೆ ನೀನು ಇರ್ಬೇಕು. ನನ್ನೊಬ್ಬನ ಕೈಲಾಗಲ್ಲ."

ಮೂವರೂ ಸಿಕ್ಕ ಮೊದಲ ವಿಮಾನಕ್ಕೆ ಹೊರಟರು. ರೀಮ್ ಆಗಲೇ ಕೆಲಸಕ್ಕೆ ಹೋಗಿದ್ದಳು; ಫೋನು ಮಾಡಿದರೆ ರಜೆ ಕೊಡಲಿಲ್ಲವೆಂದು ಅತ್ತಳು. ಕಾರಿನಲ್ಲಿ ವದಾದ್ ಸೆರಗಿನಂಥ ತಲೆವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಚೀಲದಿಂದ ಶೀಶೆ ತೆಗೆದು ಮಗನ ಕೈಗಳಿಗೆ ತಿಕ್ಕಿದಳು.

"ಈಗ ಯಾಕಮ್ಮ ಇದೆಲ್ಲ?"

"ನಿನ್ನ ಮಾವನ್ನ ತೊಳೆಯೋ ಕೈ ಕಣೋ ಇದು. ಹೀಗೆ ಮುಳ್ಳುಮುಳ್ಳಾಗಿದ್ರೆ ಅವನಿಗೆ ಚುಚ್ಚಲ್ವಾ?"

ಗಸ್ಸಾನ್ ಎರಡೂ ಕೈ ಕೊಟ್ಟು ಕಿಟಕಿಯ ಕಡೆ ತಿರುಗಿಕೊಂಡ.

ತಪಾಸಣೆಯ ಸಾಲಿನಲ್ಲಿ ನಝೀಹ್ ಮೊದಲು ದಾಟಿದ, ಹಿಂದೆ ವದಾದ್. ಆಚೆ ಬದಿಯಲ್ಲಿ ರೀಮ್ ಕೆಂಪು ಗಡ್ಡದ ಹುಡುಗನೊಬ್ಬನ ಚೀಲಕ್ಕೆ ಕಡ್ಡಿ ಸವರುತ್ತಿದ್ದಳು. ಅಪ್ಪ ಅಮ್ಮ ಅವಳ ಪಕ್ಕದಲ್ಲೇ ಹಾದುಹೋದರು. ಅವಳು ತಲೆ ಎತ್ತಲಿಲ್ಲ. ಮಷೀನು ಸುಮ್ಮನಿತ್ತು. "ಆಯ್ತು, ಥ್ಯಾಂಕ್ಸ್," ಎಂದು ಹುಡುಗನನ್ನು ಕಳಿಸಿ ತಿರುಗಿದಳು. ಮುಂದೆ ಬಂದವನು ಬೆಲ್ಟು ಕೈಯಲ್ಲಿ ಹಿಡಿದಿದ್ದ ಗಸ್ಸಾನ್.

ರೀಮ್ ಅಮ್ಮನ ಕಡೆ ನೋಡಿದಳು. ಮೇಲ್ವಿಚಾರಕ ದೂರದಲ್ಲಿ ಬೆನ್ನು ಹಾಕಿ ಫೋನಿನಲ್ಲಿದ್ದ. ಗಸ್ಸಾನನ ಹಿಂದೆ ಸೂಟು ತೊಟ್ಟ ಹೆಂಗಸೊಬ್ಬಳು ಬರುತ್ತಿದ್ದಳು. ಒಂದು ಉಸಿರಿನಷ್ಟು ತಡ ಮಾಡಿದ್ದರೆ ಅಣ್ಣ ದಾಟಿ ಹೋಗುತ್ತಿದ್ದ. ವದಾದಳಿಗೆ ಎಲ್ಲ ಕಾಣುತ್ತಿತ್ತು. ಬಿಡು ಎಂದು ಒಂದು ಸಲ ತಲೆಯಾಡಿಸಿದ್ದರೆ ಮಗಳು ಬಿಡುತ್ತಿದ್ದಳು. ಅವಳು ತಲೆಯಾಡಿಸಲಿಲ್ಲ, ಕಣ್ಣು ತಗ್ಗಿಸಿದಳು.

"ಸರ್," ಎಂದಳು ರೀಮ್. "ಒಂದ್ನಿಮಿಷ ಈ ಕಡೆ ಬನ್ನಿ."

"ಸರ್?" ಗಸ್ಸಾನ್ ನಿಂತುಬಿಟ್ಟ. "ಇವತ್ತು? ಇವತ್ತೂನಾ ರೀಮ್?"

"ನೀನೇ ಮುಂದಿನವನು ಕಣೋ. ಆಣೆಗೂ ನೀನೇ."

ಅವನು ಕೈ ಚಾಚಿದ. ಅವಳು ಕಡ್ಡಿ ಸವರಿದಳು. ಬಟ್ಟೆಚೂರನ್ನು ಮಷೀನಿಗೆ ಕೊಟ್ಟಳು. ಮಷೀನು ಕೂಗಿತು.

ಮತ್ತೆ ಸವರಿದರು. ಮತ್ತೆ ಕೂಗಿತು. ಮೇಲ್ವಿಚಾರಕ ಓಡಿ ಬಂದ. "ಇವನು ನನ್ನಣ್ಣ," ಎಂದು ರೀಮ್ ತಾನೇ ಹೇಳಿದಳು. ಅಷ್ಟು ಹೇಳಿದ್ದಕ್ಕೆ ಅವಳನ್ನು ಅಲ್ಲಿಂದ ಸರಿಸಿ ಹಿಂದಿನ ಕೋಣೆಗೆ ಕಳಿಸಿದರು. ಪೊಲೀಸರಿಬ್ಬರು ಬಂದರು. ಎಲ್ಲಿ ಕೆಲಸ ಎಂದರು. ಗಣಿಯಲ್ಲಿ ಎಂದ. ಆ ಮಾತು ಕೇಳಿದ್ದೇ ತಡ, ಅವರ ಮುಖ ಬದಲಾಯಿತು.

"ಸಿಡಿಮದ್ದು ಮುಟ್ಟುತ್ತೀಯಾ?"

"ಈರುಳ್ಳಿ ಮುಟ್ಟುತ್ತೀನಿ. ಕುರಿಮಾಂಸ ಮುಟ್ಟುತ್ತೀನಿ. ನನ್ನ ಮಾವ ಸತ್ತಿದ್ದಾರೆ. ಮಧ್ಯಾಹ್ನ ಮಣ್ಣು ಮಾಡ್ತಾರೆ."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಸರ್."

ಈಗ ಸಿಡಿಯುತ್ತಾನೆ, ಈಗ ಕೈ ಎತ್ತುತ್ತಾನೆ ಎಂದು ವದಾದ್ ಅಂದುಕೊಂಡಳು. ಅವನು ಎತ್ತಲಿಲ್ಲ. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಅದನ್ನೇ ಮತ್ತೆ ಕೇಳಿದಾಗ ಅದೇ ಉತ್ತರ ಕೊಟ್ಟ. ಅದು ಅವಳಿಗೆ ಅವನು ಕೂಗಾಡಿದ್ದಕ್ಕಿಂತ ಕಷ್ಟವಾಯಿತು.

ವಿಮಾನಕ್ಕೆ ಕೊನೆಯ ಕರೆ ಬಂತು. "ನೀವು ಹೋಗಿ," ಎಂದಳು ಗಂಡನಿಗೆ. "ನಮ್ಮ ಕಡೆಯಿಂದ ಯಾರಾದ್ರೂ ಒಬ್ಬರು ಒಂದು ಹಿಡಿ ಮಣ್ಣು ಹಾಕ್ಬೇಕು."

"ನಿನ್ನ ಒಡಹುಟ್ಟಿದವನು ಅವನು, ಉಮ್ ಗಸ್ಸಾನ್."

"ಇವನು ನನ್ನ ಹೊಟ್ಟೇಲಿ ಹುಟ್ಟಿದವನು. ಹೋಗಿ ಅಂದೆನಲ್ಲ!"

ನಝೀಹ್ ಕುಂಟುತ್ತ ಹೋದ. ಕೊನೆಗೆ ಏನೂ ಸಿಕ್ಕದೆ, ಸಹಕರಿಸಿದ್ದಕ್ಕೆ ಧನ್ಯವಾದ ಹೇಳಿ ಗಸ್ಸಾನನನ್ನು ಬಿಟ್ಟರು. ಮುಂದಿನ ವಿಮಾನ ಹಿಡಿದರೂ ಮಣ್ಣಿಗೆ ಮುಟ್ಟುವಂತಿರಲಿಲ್ಲ. ತಾಯಿ ಮಗ ಮನೆಗೆ ಬಂದು ಎದುರುಬದುರು ಕೂತರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ವದಾದ್ ಗಡಿಯಾರ ನೋಡಿ, "ಈಗ ಎತ್ತಿರ್ತಾರೆ," ಎಂದಳು. ಗಸ್ಸಾನ್ ಮುಖ ಮುಚ್ಚಿಕೊಂಡು ಅತ್ತ.

ಸಂಜೆ ರೀಮ್ ಬಂದಳು. ಅಣ್ಣ ಎದ್ದು ಹೊರಡಲು ನೋಡಿದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬೈಯಿ, ಹೊಡಿ, ಏನು ಬೇಕಾದ್ರೂ ಮಾಡು. ಮೊದಲು ಇದೊಂದು ಹೇಳು. ಕೈಗೆ ಏನಾದ್ರೂ ಹಚ್ಕೊಂಡಿದ್ಯಾ?"

"ಏನು ಹಚ್ಕೊಳ್ಳಲಿ? ಅಮ್ಮ..." ಎಂದವನು ಅಲ್ಲಿಗೇ ನಿಲ್ಲಿಸಿದ.

ರೀಮ್ ಸಿಂಕಿನ ಪಕ್ಕದ ಶೀಶೆಯನ್ನು ನೋಡಿದಳು. ಕೈಗೆತ್ತಿಕೊಂಡು ಮೂಸಿದಳು. "ಇದರಲ್ಲಿ ಗ್ಲಿಸರಿನ್ ಇದೆಯಾ ಅಮ್ಮ?"

"ಇದೆ. ಯಾಕೆ?"

"ಕೆಲವು ಸಲ ಇದಕ್ಕೂ ಮಷೀನು ಕೂಗತ್ತೆ. ತರಬೇತೀಲಿ ಹೇಳಿದ್ರು. ಅಂಗಡಿ ಕ್ರೀಮಿಗೆ ಮಾತ್ರ ಅಂದ್ಕೊಂಡಿದ್ದೆ ನಾನು. ನಿನ್ನ ಶೀಶೆ ನೆನಪಿಗೇ ಬರಲಿಲ್ಲ."

ವದಾದ್ ಕುರ್ಚಿ ಹುಡುಕಿಕೊಂಡು ಕೂತಳು. ಪರ್ತ್‌ನಲ್ಲಿ ಕೂಗಿದ್ದು, ಇಲ್ಲಿ ಕೂಗಿದ್ದು, ಎಲ್ಲ ಅವಳ ಕೈಯದೇ. ಒಡಹುಟ್ಟಿದವನ ಮುಖವನ್ನು ಕೊನೆಗೊಮ್ಮೆ ನೋಡದ ಹಾಗೆ ಮಾಡಿಕೊಂಡಿದ್ದೂ ಅವಳ ಕೈಯೇ. "ಯಾ ಅಲ್ಲಾ," ಎಂದಳು, "ನಾನೇ ತಿಕ್ಕಿ ತಿಕ್ಕಿ ಕಳಿಸ್ದೆನಲ್ಲೋ ನಿನ್ನ."

"ಬಿಡಮ್ಮ, ನಿನಗೇನು ಗೊತ್ತಿತ್ತು," ಎಂದ ಗಸ್ಸಾನ್.

ಅಡಿಲೇಡಿನಿಂದ ಮರಳಿದ ನಝೀಹನಿಗೆ ಈ ಸಂಗತಿ ತಿಳಿದಾಗ ಅವನ ಎದೆಯಿಂದ ಹೊರೆ ಇಳಿದಂತಾಯಿತು. "ನಾನು ಹೇಳ್ಲಿಲ್ವಾ? ಮಷೀನಿಗೆ ಅರಬ ಯಾರು, ಬಿಳಿಯ ಯಾರು ಅಂತ ಗೊತ್ತಾಗತ್ತಾ? ಮುಖದ ತಪ್ಪಲ್ಲ, ನಿಮ್ಮಮ್ಮನ ಗುಲಾಬಿನೀರಿನ ತಪ್ಪು!" ಸಂತಾಪ ಹೇಳಿ, ಸಾವಿನ ಮನೆಯ ರೂಢಿಯ ಕಹಿ ಕಾಫಿ ಕುಡಿಯಲು ಬಂದವರಿಗೆಲ್ಲ ಅವನು ಇದನ್ನೇ ಹೇಳಿದ. ಅವರು ವದಾದಳನ್ನು ನೋಡಿ ಚ್ಚು ಚ್ಚು ಎಂದರು. ಅಣ್ಣ ತಂಗಿ ಮತ್ತೆ ಒಂದೇ ಮೇಜಿಗೆ ಕೂತರು, ಈರುಳ್ಳಿಗೆ ಕಿತ್ತಾಡಿದರು. ಮನೆಗೆ ಶಾಂತಿ ಬಂತು. ಬಂದದ್ದು ವದಾದಳ ತಲೆಯ ಮೇಲೆ ಕಾಲಿಟ್ಟುಕೊಂಡು, ಅಷ್ಟೇ. ವದಾದ್ ಶೀಶೆಗಳನ್ನೆಲ್ಲ ಬಚ್ಚಲಿಗೆ ಸುರಿದು ತೊಳೆದು ಮೊರದಷ್ಟಗಲದ ತಟ್ಟೆಯಲ್ಲಿ ಬೋರಲು ಹಾಕಿದಳು. ಅವತ್ತಿನಿಂದ ಅವಳಿಗೆ ಊಟ ಸೇರಲಿಲ್ಲ.

ಗಸ್ಸಾನ್ ಒಂದು ಸುತ್ತು ಗಣಿಗೆ ಹೋಗಿ ಬಂದ. ಅವನು ಮತ್ತೆ ಹೊರಡುವ ಹಿಂದಿನ ದಿನ ವದಾದ್ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಬೇಲಿಯ ಮೇಲೆ ಕಾಲೀನಳ ಬಿಳಿ ತಲೆ ಕಾಣಿಸಿತು.

"ವದಾದ್, ನನ್ನ ಶೀಶೆ ಖಾಲಿ ಕಣೇ. ನಾಡಿದ್ದು ಕ್ವೀನ್ಸ್‌ಲ್ಯಾಂಡಿಗೆ ಹೊರಟೆ, ಮೊಮ್ಮಕ್ಕಳ ಹತ್ರ. ಅದಿಲ್ದೆ ವಿಮಾನ ಹತ್ತೋಕಾಗಲ್ಲ ನಂಗೆ."

"ಯಾಕೆ?"

"ಆ ಒಣ ಗಾಳಿಗೆ ಕೈ ಉರೀತಾವೆ. ಮನೆ ಬಿಡೋವಾಗ ಒಂದ್ಸಲ, ಏರ್‌ಪೋರ್ಟ್ ಬಾಗಿಲಲ್ಲಿ ಒಂದ್ಸಲ ಧಾರಾಳವಾಗಿ ಹಚ್ಕೊಂಡುಬಿಡ್ತೀನಿ."

ವದಾದಳ ಕೈಯಲ್ಲಿದ್ದ ಒದ್ದೆ ಅಂಗಿ ಹಾಗೇ ನಿಂತಿತು. ಕಾಲೀನ್ ವರ್ಷಗಳಿಂದ ಹೋಗಿ ಬರುತ್ತಿದ್ದಾಳೆ, ತಿಂಗಳಿಗೊಮ್ಮೆ ತಪ್ಪದೆ.

"ಕಾಲೀನ್, ಅಲ್ಲಿ ಮಷೀನು ಕೂಗಲ್ವಾ ನಿಮಗೆ?"

"ಗೇಟಿನ ಥರ ಇರತ್ತಲ್ಲ, ಅದಾ? ಇಲ್ವಲ್ಲ."

"ಅದಲ್ಲ. ಪಕ್ಕಕ್ಕೆ ಕರೆದು ಕೈಗೆ ಕಡ್ಡಿ ಸವರ್ತಾರಲ್ಲ, ಆ ಮಷೀನು."

ಕಾಲೀನ್ ಪಾಪ, ನಿಜವಾಗಿಯೂ ಯೋಚಿಸಿದಳು. ಕಪಟವಿಲ್ಲದ ಹೆಂಗಸು.

"ಯಾವ ಕಡ್ಡಿ?" ಎಂದಳು.

ಅವತ್ತು ರಾತ್ರಿಯ ಊಟಕ್ಕೆ ವದಾದ್ ಎಲ್ಲರಿಗೂ ಬಡಿಸಿ, ತನಗೂ ಬಡಿಸಿಕೊಂಡು ಕೂತಳು. ಬೇಲಿಯ ಬಳಿ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ನಝೀಹ್ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಅದೇ ಶೀಶೆ, ಅಬು ಗಸ್ಸಾನ್," ಎಂದಳು ಗಂಡನಿಗೆ. "ಅದೇ ನನ್ನ ಕೈಯಿಂದ ಕುಲುಕಿದ್ದು. ಅವಳ ಕೈ ತುಂಬ ಅದೇ. ಇಷ್ಟು ವರ್ಷದಲ್ಲಿ ಅವಳನ್ನ ಒಬ್ಬರೂ ಕರೆದಿಲ್ಲ. ಅಂಥದೊಂದು ಮಷೀನು ಇದೆ ಅನ್ನೋದೇ ಅವಳಿಗೆ ಗೊತ್ತಿಲ್ಲ." ವದಾದಳ ದನಿ ಏರಲಿಲ್ಲ. "ಗೊತ್ತಿಲ್ದೆ ಹಚ್ಚಿ ಕಳಿಸಿದ್ದು ನನ್ನ ತಪ್ಪು. ಅದನ್ನ ಸಾಯೋ ತನಕ ಹೊರ್ತೀನಿ. ಉಳಿದದ್ದನ್ನ ನನ್ನ ತಲೆಗೆ ಕಟ್ಟಬೇಡಿ."

ನಝೀಹ್ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಆಮೇಲೆ "ಅಲ್ಲಿ ನಿಲ್ಲಿಸಿದಾಗ ನಾನೂ ಸುಮ್ನೆ ನಗ್ತಿರಲಿಲ್ಲ ಕಣೇ," ಎಂದ. ಅಷ್ಟು ಹೇಳಲು ಅವನಿಗೆ ಮೂವತ್ತು ವರ್ಷ ಹಿಡಿದಿತ್ತು.

ಬೆಳಿಗ್ಗೆ ವದಾದ್ ಕಾಲೀನಳಿಗೆಂದು ಹೊಸ ಶೀಶೆ ತುಂಬಿದಳು. ಗಸ್ಸಾನ್ ಚೀಲ ಹೆಗಲಿಗೇರಿಸಿ ಅಡುಗೆಮನೆಗೆ ಬಂದ. ಗುಲಾಬಿಯ ವಾಸನೆಗೆ ಅಭ್ಯಾಸಬಲದಿಂದ ಬಿರಿದ ಕೈಗಳನ್ನು ಮುಂದೆ ಚಾಚಿದ.

ಶೀಶೆ ವದಾದಳ ಕೈಯಲ್ಲೇ ಇತ್ತು. ಅವಳು ರೀಮ್‌ಳನ್ನು ನೋಡಿದಳು. ರೀಮ್ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದವಳು ಹತ್ತಿರ ಬಂದು, ಶೀಶೆಯನ್ನು ಮೆಲ್ಲಗೆ ಬಿಡಿಸಿಕೊಂಡು ಮುಚ್ಚಳ ಹಾಕಿದಳು.

"ಇದನ್ನ ಕಾಲೀನ್‌ಗೆ ಕೊಡಮ್ಮ. ಅವರಿಗೇನೂ ಆಗಲ್ಲ," ಎಂದಳು. ಆಮೇಲೆ ಗೂಡಿನಿಂದ ಆಲಿವ್ ಎಣ್ಣೆ ತೆಗೆದು ಅಣ್ಣನ ಅಂಗೈಗೆ ಸುರಿದಳು.